ಎಷ್ಟು ತೆಗೀಲಿ?

"ಎಷ್ಟು ತೆಗೀಲಿ?" ಅಂತ ಕೇಳಿದ ಬೊಲ್ಲಿ ನರಸಯ್ಯ
ಲೇತಿನ ಬಾಯಿಗೆ ಫ್ಲೈವೀಲು ಕಚ್ಚಿಸಿ,
ಕಿವಿಯ ಸಂದಿನಿಂದ ಸೀಮೆಸುಣ್ಣ ತೆಗೆದು.
ನಾನು ಸುಮ್ಮನಿದ್ದೆ.
ಸೋಲಾಪುರದ ಈ ಓಣಿಯಲ್ಲಿ
ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ.
ಎರಡೂ ಬದಿ ಮಗ್ಗ, ಖಟ್ ಖಟ್ ಖಟ್,
ಟಾವೆಲ್ಲು ಹುಟ್ಟುತ್ತಲೇ ಇರುತ್ತವೆ.

ಏಳು ಕಿಲೋ ಮುನ್ನೂರು ಗ್ರಾಂ.
ದಾರದ ಕೋನು ತೂಗುವ ಕಾಟಾದ ಮೇಲೆ ನಾನೇ ತೂಗಿದ್ದು.
ಮೂರು ಗಾಡಿ ಕಟ್ಟಿದ ಪುಣೆಯ ಹುಡುಗ ಫೋನಿನಲ್ಲಿ ಹೇಳಿದ್ದ:
ಐದಕ್ಕೆ ಇಳಿಸಿರಿ ಕಾಕಾ, ಕಾಲಿಟ್ಟರೆ ಸಾಕು ಚಂಗನೆ ಏಳ್ತದ.
ಅಂಚಿನಿಂದ ತೆಗೀರಿ;
ಅಂಚಿನ ಪಾವು ಕಿಲೋ ಅಂದ್ರ ನಡುವಿನ ಒಂದು ಕಿಲೋ.
ನನಗೇನು ಹೊಸದೇ ಅದು?
ಮೂವತ್ತು ವರ್ಷ ಮಗ್ಗದ ಚಕ್ರ
ಅಂಗೈಯಲ್ಲಿ ಸವರಿ ನಿಲ್ಲಿಸಿದವನಿಗೆ?

ಗಾಡಿ ಅಂದರೆ ಇನ್ನೂ ಗಾಡಿಯಲ್ಲ.
ಅಂಗಳದಲ್ಲಿ ಚೌಕ ಪೈಪಿನ ಎಲುಬುಗೂಡು,
ಮೇಲೆ ಸುಗಲಾ ಒಣಹಾಕಿದ ಸೀರೆ.
ಇಂಜಿನ್ನು ಎಸ್ಟೀಮಿನದು, ಗೇರ್‌ಬಾಕ್ಸು ಜಿಪ್ಸಿಯದು.
ಬೀಗರಿಬ್ಬರ ನಡುವೆ ಕ್ಲಚ್ ಪ್ಲೇಟು:
ಹಲ್ಲು ಆ ಮನೆಯವರಿಗೆ ಕೂಡಬೇಕು, ಮೈ ಈ ಮನೆಯವರಿಗೆ.
ಒಪ್ಪಿಸುವಷ್ಟರಲ್ಲಿ ಹೊಟಗಿ ರಸ್ತೆಯ ಗುಜರಿಗೆ
ಹನ್ನೊಂದು ಸಲ ತಿರುಗಿದೆ.

ಪ್ರೆಶರ್ ಪ್ಲೇಟು ಎರಡು ತಂದಿದ್ದೆ,
ಒಂದರ ಸ್ಪ್ರಿಂಗು ಗಟ್ಟಿ, ಒಂದರದು ಮೆತ್ತಗೆ.
ಮೆತ್ತಂದೇ ಅಂತ ಒಳಗೊಳಗೇ ಗೊತ್ತುಮಾಡಿಟ್ಟಿದ್ದೆ.
ಲಾಳಿ ಹಾರಿ ನನ್ನ ಎಡಗಣ್ಣು ಹೋದ ಮೇಲೆ
ಸ್ಟೇರಿಂಗು ಅವಳದು;
ಮೆಟ್ಟಿಲು ಕಂಡರೆ ಬೈಯುವ ಎಡಮೊಣಕಾಲೂ ಅವಳದೇ.
ಪಾಪ, ಅಂದುಕೊಂಡಿದ್ದೆ.

ಇಂಜಿನ್ನು ನೆಲಕ್ಕೇ ಬಿಗಿದು ಶುರುಮಾಡಿ,
ಗೇರ್‌ಬಾಕ್ಸಿನ ಬಾಲಕ್ಕೆ ಕೆಂಪು ಚಿಂದಿ ಕಟ್ಟಿ,
ಅವಳನ್ನು ಸ್ಟೂಲಿನ ಮೇಲೆ ಕೂಡಿಸಿ ಪೆಡಲು ಕೊಟ್ಟೆ.
ತುಳಿದಳು, ಬಿಟ್ಟಳು. ಬದಲಿಸಿ ಕೊಟ್ಟೆ.
ತುಳಿದಳು, ಮುಖ ಹಿಂಡಿದಳು, ಬಿಟ್ಟಳು.
"ಇದೇ ಇರಲಿ, ಗಟ್ಟೀದು.
ಮೆತ್ತಂದು ಯಾವಾಗ ಹಿಡೀತದ, ಚಿಂದಿ ನೋಡೇ ತಿಳಕೋಬೇಕು.
ಇದು ಕಾಲಿಗೇ ಹೇಳ್ತದ.
ಇಪ್ಪತ್ತೆರಡು ವರ್ಷ ಹೊಲಿಗಿ ಮಿಷನ್ ತುಳದೀನಿ,
ನೋವು ನಂದು, ನಾ ನೋಡ್ಕೋತೀನಿ."
ಚಪ್ಪಲಿ ಹುಡುಕಿಕೊಂಡು ಎದ್ದು ಹೋದಳು.

ಫ್ಲೈವೀಲಿನ ಮಾತು ಅವಳ ಮುಂದೆ ತೆಗೆಯಲಿಲ್ಲ.
ಐದು ಕಿಲೋದ ಆಸೆ ನನ್ನೊಬ್ಬನದು:
ಅಕ್ಕಲಕೋಟೆ ರಸ್ತೆ, ಬೆಳಗಿನ ಐದು ಗಂಟೆ,
ಪಕ್ಕದ ಸೀಟಿನಲ್ಲಿ ನಾನು,
ಉಳಿದ ಕಣ್ಣಿಗೆ ನೀರು ಬರುವಷ್ಟು ಗಾಳಿ.
ಆದರೆ ಹತ್ತು ಗಂಟೆಯ ಸಾತ್ ರಸ್ತಾ ಚೌಕವೂ ಅದೇ ಗಾಡಿಗೇ.
ಮುಂದೆ ಎಮ್ಮೆ, ಹಿಂದೆ ಎಸ್ಟಿ ಬಸ್ಸು, ಹಗುರ ಚಕ್ರ
ಫಕ್ಕನೆ ಆರುತ್ತದೆ.
ಆಗ ಬೈಸಿಕೊಳ್ಳುವವಳು ಅವಳು.

"ಎಷ್ಟು?" ಅಂದ ನರಸಯ್ಯ ಮತ್ತೆ.
ಅಷ್ಟರಲ್ಲಿ ಕರೆಂಟು ಹೋಯಿತು.
ಮಗ್ಗಗಳು ಒಮ್ಮೆಗೇ ನಿಲ್ಲಲಿಲ್ಲ;
ತಂತಮ್ಮ ಚಕ್ರದ ತೂಕವಿದ್ದಷ್ಟು ಇನ್ನೆರಡು ಏಟು, ಇನ್ನೊಂದು.
ಎಲ್ಲಕ್ಕೂ ಕೊನೆಗೆ ಮೂಲೆಮನೆಯದು,
ಹಳೇ ಎರಕ, ನಾನೇ ಕೂಡಿಸಿದ್ದು.

ಓಣಿಗೆ ಓಣಿಯೇ ಕಿವಿಯಾಯಿತು.
ನರಸಯ್ಯ ಫ್ಲೈವೀಲು ಬಿಡಿಸಿ, ಸರಳಿಗೆ ತೂಗುಹಾಕಿ,
ಪಾನಿನಿಂದ ಒಂದೇ ಏಟು ಕೊಟ್ಟ.
ಬಿರುಕಿದ್ದರೆ ಒಡಕು ಗಡಿಗೆಯ ಹಾಗೆ ಅನ್ನುತ್ತಿತ್ತು.
ಇದು ಅಂದದ್ದನ್ನು ಅನ್ನುತ್ತಲೇ ಇತ್ತು,
ನಾವು ಉಸಿರು ಬಿಟ್ಟ ಮೇಲೂ.
ಎದುರಿನ ಬಾಗಿಲಿಂದ ಹುಡುಗಿಯೊಬ್ಬಳು ಇಣುಕಿ,
"ಸಾಳಿ ಬಿಟ್ಟಿತೇನ್ರಿ?" ಅಂದಳು.

"ಎಂಟುನೂರು ಗ್ರಾಂ," ಅಂದೆ.
"ಅಂತೇನಾ?" ಅಂದ, ತನ್ನ ತೆಲುಗಿನಲ್ಲಿ.
"ಅಷ್ಟೇ."
ಅಂಚಿನ ಸುತ್ತ ಗೆರೆ ಎಳೆದ.
ಗೆರೆಯಾಚೆ ಉಳಿದದ್ದು
ನನ್ನ ಬೆಳಗಿನ ಐದು ಗಂಟೆ, ಕಿರುಬೆರಳಿಗಿಂತ ಸಣ್ಣದು.
ಬೀಡಿ ಹಚ್ಚಿದ ಅವನು.
ಕರೆಂಟಿನ ದಾರಿ ನೋಡುತ್ತ ಕುಂತೆವು.